ಮಂಕಾದ ದೀಪ, ಮರೆತ ಪಾಠ

ಕಳೆದ ಮಳೆಗಾಲದ ಮಾತು. ಉಜಿರೆಯ ನೆಂಟರ ಮನೆಯಿಂದ ಹೊರಟು ಚಾರ್ಮಾಡಿ ಘಾಟಿ ಹತ್ತುತ್ತಿದ್ದೆವು. ಸಂಜೆ ಆರೂವರೆಗೇ ಮಂಜು ಮುಸುಕಿ ಕತ್ತಲಾಗಿತ್ತು. ಹಿಂದಿನ ಸೀಟಿನಲ್ಲಿ ಹೆಂಡತಿ, ಪಕ್ಕದಲ್ಲಿ ಪಿಯುಸಿ ಓದುವ ಮಗಳು. ಕಾರಿಗೆ ಮಗಳಿಗಿಂತ ಹೆಚ್ಚು ವಯಸ್ಸು. ತಿರುವಿನಲ್ಲಿ ಚಕ್ರ ಹೊಂಡಕ್ಕೆ ಇಳಿದದ್ದೇ ತಡ, ಎರಡೂ ಹೆಡ್‌ಲೈಟುಗಳು ಮಂಕಾದವು. ಒಂದು ಬದಿಗೆ ಕಣಿವೆ, ಎದುರಿಗೆ ಲಾರಿ. ಮರುಕ್ಷಣ ಬೆಳಕು ಬಂತು. ನನ್ನ ಕೈ ನಡುಕ ಮಾತ್ರ ಊರು ಸೇರುವವರೆಗೂ ನಿಲ್ಲಲಿಲ್ಲ.

ಮರುದಿನ ಗ್ಯಾರೇಜಿನಲ್ಲಿ ದೀಪಗಳು ಜಗ್ಗೆಂದು ಉರಿದವು! ಮೆಕ್ಯಾನಿಕ್ ಬಲ್ಬು ಕಳಚಿ ಮೀಟರು ಹಿಡಿದ: 12 ವೋಲ್ಟ್. 'ಎಲ್ಲ ಸರಿ ಇದೆ ಸಾರ್, ಬ್ಯಾಟರಿ ಹಳೇದಾಗಿರಬೇಕು' ಎಂದ. ಹೊಸ ಬ್ಯಾಟರಿ, ಹೊಸ ಬಲ್ಬು ಬಂದವು. ವಾರದಲ್ಲೇ ದೀಪ ಮತ್ತೆ ಮಂಕಾಯಿತು.

ಆಗ ಮಗಳು ಕೇಳಿದಳು: 'ಅಪ್ಪಾ, ಸ್ಪೀಡೋಮೀಟರಿನ ದೀಪ ಚೆನ್ನಾಗೇ ಉರೀತಿತ್ತು. ಹೆಡ್‌ಲೈಟು ಎರಡೂ ಒಟ್ಟಿಗೇ ಯಾಕೆ ಮಂಕಾದವು?'

ವಿದ್ಯಾರ್ಥಿ ಮಿತ್ರರೇ, ಅರ್ಧ ಉತ್ತರ ಆ ಪ್ರಶ್ನೆಯಲ್ಲೇ ಇದೆ. ಎರಡು ಬಲ್ಬು ಒಂದೇ ಕ್ಷಣದಲ್ಲಿ ಕೆಡುವುದು ಅಪರೂಪ. ಬ್ಯಾಟರಿ ಸೋತಿದ್ದರೆ ಉಳಿದ ದೀಪವೂ ಮಂಕಾಗಬೇಕಿತ್ತು. ಹಾಗಾದರೆ ದೋಷವಿರುವುದು ಆ ಎರಡು ದೀಪಗಳಿಗೆ ಮಾತ್ರ ಸೇರಿದ ದಾರಿಯಲ್ಲಿ. ಕಾರಿನಲ್ಲಿ ವಿದ್ಯುತ್ತು ತಂತಿಯಲ್ಲಿ ಹೋಗಿ, ಲೋಹದ ಮೈಯ ಮೂಲಕ ಬ್ಯಾಟರಿಗೆ ಹಿಂತಿರುಗುತ್ತದೆ. ಇದಕ್ಕೆ 'ಅರ್ಥ್' ಎನ್ನುತ್ತಾರೆ. ನಮ್ಮ ಕಾರಿನಲ್ಲಿ ಎರಡೂ ದೀಪಗಳ ಅರ್ಥ್ ತಂತಿಗಳು ಒಂದೇ ಬೋಲ್ಟಿಗೆ ಸೇರಿದ್ದವು.

ಮೀಟರು 12 ವೋಲ್ಟ್ ತೋರಿಸಿದ್ದೇಕೆ? ಓಮ್‌ನ ನಿಯಮ ನೆನಪಿಸಿಕೊಳ್ಳಿ. ಜರ್ಮನಿಯ ಶಾಲಾ ಅಧ್ಯಾಪಕ ಗೇಯೋರ್ಗ್ ಓಮ್ 1827ರಲ್ಲಿ ಪ್ರಕಟಿಸಿದ ನಿಯಮವಿದು: ವಿಭವಾಂತರವೆಂದರೆ ಪ್ರವಾಹ ಮತ್ತು ರೋಧಗಳ ಗುಣಲಬ್ಧ. ಬಲ್ಬು ಕಳಚಿದಾಗ ಪ್ರವಾಹವೇ ಇಲ್ಲವೆನ್ನಬಹುದು. ಆಗ ತುಕ್ಕಿನಲ್ಲಿ ಎಷ್ಟೇ ರೋಧವಿರಲಿ, ಅಲ್ಲಿ ವೋಲ್ಟೇಜು ನಷ್ಟವಾಗದು.

ಬಲ್ಬು ಉರಿಯುವಾಗ ಲೆಕ್ಕವೇ ಬೇರೆ. 60 ವ್ಯಾಟಿನ ಎರಡು ಬಲ್ಬುಗಳ ಒಟ್ಟು ರೋಧ ಸುಮಾರು 1.2 ಓಮ್. ತುಕ್ಕಿನದು ಬರೀ 0.4 ಓಮ್ ಎನ್ನೋಣ. 12 ಅನ್ನು 1.6ರಿಂದ ಭಾಗಿಸಿದರೆ ಪ್ರವಾಹ 7.5 ಆಂಪಿಯರ್. ತುಕ್ಕೇ 3 ವೋಲ್ಟ್ ನುಂಗುತ್ತದೆ! ಬಲ್ಬಿಗೆ ಉಳಿಯುವುದು 9 ವೋಲ್ಟ್, ಬೆಳಕು ಅರ್ಧಕ್ಕಿಂತಲೂ ಕಡಿಮೆ. ಬೋಲ್ಟಿನ ಬಳಿ 22 ವ್ಯಾಟಿಗೂ ಹೆಚ್ಚು ಶಾಖ ಬೇರೆ. ಕುಲುಕಾಟ, ಬಿಸಿ, ತೇವಕ್ಕೆ ತಕ್ಕಂತೆ ಈ ರೋಧ ಏರಿಳಿಯುತ್ತದೆ. ದೋಷ ಬಂದು ಹೋಗುವುದರ ಗುಟ್ಟು ಇದೇ.

ಎಂಜಿನ್ ನಿಲ್ಲಿಸಿ ದೀಪ ಹಚ್ಚಿದೆವು. ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಋಣ ತುದಿಗೆ, ಇನ್ನೊಂದು ಬಲ್ಬಿನ ಅರ್ಥ್ ತಂತಿಗೆ. ಸೊನ್ನೆಯ ಹತ್ತಿರವಿತ್ತು. ಮಗಳು ತಂತಿಗಳನ್ನು ಒಂದೊಂದಾಗಿ ಅಲ್ಲಾಡಿಸಿದಳು. ಬೋಲ್ಟಿನ ಬಳಿ ಬಂದಾಗ ಮೀಟರು ತಟ್ಟನೆ 3ಕ್ಕೆ ಏರಿತು, ದೀಪ ಮಂಕಾಯಿತು. 'ಸಿಕ್ಕಿತು ಅಪ್ಪಾ!' ಎಂದಳು. ದೀಪ ಆರಿಸಿ, ಬ್ಯಾಟರಿಯ ಋಣ ತಂತಿ ಕಳಚಿ, ಬೋಲ್ಟು ಬಿಚ್ಚಿ ಉಪ್ಪುಕಾಗದದಿಂದ ತಿಕ್ಕಿದೆವು; ಬಿಗಿದು ಮೇಲೆ ಪೆಟ್ರೋಲಿಯಂ ಜೆಲ್ಲಿ ಸವರಿದೆವು. ದೀಪ ಮತ್ತೆ ಮಂಕಾಗಿಲ್ಲ.

ಇಂಥ ದೋಷವಿದ್ದಾಗ ಮೂರು ಮಾತು ನೆನಪಿರಲಿ. ಯಾವಾಗ, ಎಲ್ಲಿ, ಯಾವ ಯಾವ ದೀಪ ಎಂದು ಬರೆದಿಡಿ. ದೋಷ ಕಾಣಿಸಿಕೊಂಡಾಗಲೇ ಅಳೆಯಿರಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಫ್ಯೂಸು ಹೋದರೆ ಅದರ ಜಾಗದಲ್ಲಿ ದಪ್ಪ ತಂತಿ ಸುತ್ತಲೇಬೇಡಿ, ಬೆಂಕಿ ಹತ್ತೀತು.

ತಂದೆತಾಯಂದಿರೇ, ನೀವು ಪಕ್ಕದಲ್ಲಿ ನಿಂತು, ಕೈಯ ಬಳೆ ಉಂಗುರ ತೆಗೆಸಿ, 12 ವೋಲ್ಟಿನ ಇಂಥ ಕೆಲಸಕ್ಕೆ ಮಕ್ಕಳ ಕೈಗೂ ಮೀಟರು ಕೊಡಿ. ಮನೆಯ 230 ವೋಲ್ಟಿಗೆ ಮಾತ್ರ ಖಂಡಿತ ಬೇಡ. ಓಮ್‌ನ ನಿಯಮವನ್ನು ವರ್ಷವರ್ಷವೂ ಕಪ್ಪುಹಲಗೆಯ ಮೇಲೆ ಬರೆದವನು ನಾನು. ಆದರೂ ಬ್ಯಾಟರಿಗೆ ದುಡ್ಡು ತೆತ್ತೆ. ಅದನ್ನು ಕಾರಿನೊಳಗೆ ಹುಡುಕಿದವಳು ಮಗಳು.