ಜಪ್ತಿಯಾದ ಅದಿರಿನ ಪಯಣ
ಬಳ್ಳಾರಿಯ ಅಕ್ರಮ ಗಣಿಗಾರಿಕೆಯನ್ನು ಕೆಲವು ದುರಾಸೆಯ ಗಣಿಧಣಿಗಳ ಕಳ್ಳತನವೆಂದಷ್ಟೇ ಬಗೆದರೆ, 2011ರ ಜುಲೈನಲ್ಲಿ ಲೋಕಾಯುಕ್ತ ಸಂತೋಷ್ ಹೆಗ್ಡೆಯವರು ಸಲ್ಲಿಸಿದ ವರದಿಯ ತಿರುಳೇ ಕೈತಪ್ಪುತ್ತದೆ. ಪಾಲು ಕೊಟ್ಟವರ ಅದಿರು ಪರ್ಮಿಟ್, ಅಂದರೆ ಸಾಗಣೆಯ ರಹದಾರಿ, ಇಲ್ಲದೆಯೂ ತನಿಖಾ ಠಾಣೆಗಳನ್ನು ನಿರಾತಂಕವಾಗಿ ದಾಟುವ ಏರ್ಪಾಡನ್ನು ಆ ವರದಿ ‘ಜೀರೋ ರಿಸ್ಕ್’ ವ್ಯವಸ್ಥೆಯೆಂದು ವಿವರಿಸಿತು. ಹಾಗೆ ನೋಡಿದರೆ ಅಲ್ಲಿ ಬಿಕರಿಯಾದದ್ದು ಅದಿರಿಗಿಂತ ಹೆಚ್ಚಾಗಿ ಅಧಿಕಾರಸ್ಥರ ಜಾಣಕುರುಡು. ಉದಾಹರಣೆಗೆ, 2010ರಲ್ಲಿ ಅರಣ್ಯಾಧಿಕಾರಿಗಳು ಅಂಕೋಲಾ ಬಳಿಯ ಬೇಲೆಕೇರಿ ಬಂದರಿನಲ್ಲಿ ಜಪ್ತಿ ಮಾಡಿದ್ದ ಲಕ್ಷಾಂತರ ಟನ್ ಅದಿರಿನ ಬಹುಪಾಲು ಮಾಯವಾಗಿ ಹಡಗೇರಿತು. ಮಡಿಲಲ್ಲಿ ಕಟ್ಟಿಕೊಂಡು ಓಡುವ ಸರಕು ಅದಲ್ಲ. ಲಾರಿ ಲಾರಿಯಾಗಿ ಹಡಗುಕಟ್ಟೆಗೆ ಸಾಗಿಸಬೇಕು, ತೂಕ ಬರೆಯಬೇಕು, ಹಡಗು ಹೊರಡುವ ಮುನ್ನ ಬಂದರು ಮತ್ತು ಸುಂಕದ ಕಚೇರಿಗಳ ಅಪ್ಪಣೆ ಪಡೆಯಬೇಕು.