ಡ್ಯೂಟಿ ಸಿಕ್ತು, ಬಾಕಿ ಸಂಬಳ ಯಾಕೆ ಬರ್ತಿಲ್ಲ?

ವಜಾ ಆಗಿದ್ದ ಪೊಲೀಸ್ ಸಿಬ್ಬಂದಿ ಕೋರ್ಟಲ್ಲಿ ಗೆದ್ದು ಮತ್ತೆ ಯೂನಿಫಾರಂ ಹಾಕಿದ್ರೆ, ಇನ್ನೇನು ಲಕ್ಷಗಟ್ಟಲೆ ಬಾಕಿ ಬರುತ್ತೆ ಅಂತ ಊರೆಲ್ಲ ಮಾತಾಡುತ್ತೆ. ಕಿರಾಣಿ ಅಂಗಡಿಯಲ್ಲಿ ಹಳೇ ಉದ್ರಿ ಪುಸ್ತಕ ಹೊರಗೆ ಬರುತ್ತೆ. ದುಡ್ಡು ಮಾತ್ರ ಬರಲ್ಲ.

ಕಾರಣ ಇಷ್ಟೇ. ಮರುನೇಮಕದ ಆದೇಶ ಬೇರೆ, ಹೊರಗಿದ್ದ ಅವಧಿಯ ಸಂಬಳದ ಆದೇಶ ಬೇರೆ. ಆ ಅವಧಿಗೆ ಎಷ್ಟು ಸಂಬಳ, ಅದನ್ನು ಕರ್ತವ್ಯದ ಅವಧಿ ಎಂದು ಪರಿಗಣಿಸಬೇಕೋ ಬೇಡವೋ ಎಂದು ಅಧಿಕಾರಿ ಸ್ಪಷ್ಟ ಆದೇಶ ಮಾಡಬೇಕು ಅನ್ನುತ್ತೆ ಕೆಸಿಎಸ್‌ಆರ್. ಅದಿಲ್ಲದೆ ಬಿಲ್ ಖಜಾನೆಗೆ ಹೋಗಲ್ಲ. ಫೈಲ್ ಕೂರೋದು ಇಲ್ಲೇ. ‘ಮೇಲ್ಮನವಿ ಹಾಕ್ತೀವಿ’ ಎಂಬ ನೆಪವೂ ಉಂಟು. ತಡೆಯಾಜ್ಞೆ ಸಿಗದೆ ಬರೀ ಮೇಲ್ಮನವಿಯಿಂದ ಆದೇಶ ನಿಲ್ಲಲ್ಲ ಅನ್ನೋದು ಕಚೇರಿಯವರಿಗೂ ಗೊತ್ತು.

ಹಾಗಂತ ಪೂರ್ತಿ ಸಂಬಳ ಗ್ಯಾರಂಟಿ ಅಲ್ಲ. ತಪ್ಪಾಗಿ ಕೆಲಸದಿಂದ ತೆಗೆದಿದ್ರೆ ಬಾಕಿ ವೇತನ ಕೊಡೋದೇ ಸಾಮಾನ್ಯ ನಿಯಮ ಎಂದು ಮಹಾರಾಷ್ಟ್ರದ ಶಿಕ್ಷಕಿಯೊಬ್ಬರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2013ರಲ್ಲಿ ಹೇಳಿದೆ. ಆದರೆ ಆ ಅವಧಿಯಲ್ಲಿ ಬೇರೆಡೆ ದುಡಿದಿಲ್ಲ ಎಂದು ನೌಕರ ಮೊದಲು ಹೇಳಬೇಕು. ಅದು ಸುಳ್ಳು ಅನ್ನೋದಾದ್ರೆ ಸಾಬೀತು ಮಾಡೋ ಹೊಣೆ ಕೆಲಸ ಕೊಟ್ಟವರದ್ದು. ಹೊಟ್ಟೆಪಾಡಿಗೆ ಸೆಕ್ಯುರಿಟಿ ಕೆಲಸ ಮಾಡಿದ್ರೆ ಆ ದುಡಿಮೆ ಲೆಕ್ಕಕ್ಕೆ ಬರಬಹುದು, ಮುಚ್ಚಿಟ್ರೆ ಇನ್ನೂ ತೊಂದರೆ.

ತಡವಾದರೆ ಬಡ್ಡಿ? ಕೊರೋನಾ ವೇಳೆ ಆಂಧ್ರ ಸರ್ಕಾರ ತಡೆಹಿಡಿದ ಸಂಬಳಕ್ಕೆ ಶೇ. 6 ಬಡ್ಡಿ ಕೊಡಲು 2021ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹೊರೆ ಬೀಳೋದು ಸರ್ಕಾರದ ಬೊಕ್ಕಸಕ್ಕೆ, ಫೈಲ್ ಇಟ್ಕೊಂಡವರಿಗಲ್ಲ. ಬಡ್ಡಿ ಕೇಳೋಕೆ ನೌಕರ ಮತ್ತೆ ಕೆಎಟಿ ಮೆಟ್ಟಿಲು ಹತ್ತಬೇಕಾಗಬಹುದು. ಆಗ ಕೈಯಲ್ಲಿರಬೇಕಾದ್ದು, ಬಾಕಿ ಕೇಳಿ ಕೊಟ್ಟ ಲಿಖಿತ ಅರ್ಜಿಯ ಸ್ವೀಕೃತಿ.