ವಿದುಷಿ ಕ್ಲಾರಾ ಶೂಮನ್

ಗೃಹಕೃತ್ಯವೂ ಕಲೋಪಾಸನೆಯೂ ಒಂದೇ ಮನೆಯಲ್ಲಿ ನಿಲ್ಲಲಾರವೆಂಬ ಮಾತನ್ನು ವಾಚಕರು ಕೇಳಿರಬಹುದು. ಅದನ್ನು ಒರೆಗೆ ಹಚ್ಚಲು ಈ ತಿಂಗಳು ಜರ್ಮನಿಯ ಪಿಯಾನೋ ವಿದುಷಿಯೊಬ್ಬಳ ಚರಿತ್ರೆಯನ್ನು ಹೇಳುವೆವು.

ಕ್ಲಾರಾ ಜನಿಸಿದುದು 1819ರಲ್ಲಿ, ಲೈಪ್‌ಜಿಗ್ ನಗರದಲ್ಲಿ. ತಂದೆ ಫ್ರೀಡ್ರಿಕ್ ವೀಕನೇ ಗುರು. ಒಂಬತ್ತನೆಯ ವಯಸ್ಸಿಗೇ ಸಭೆಯಲ್ಲಿ ನುಡಿಸಿದಳು. 1835ರಲ್ಲಿ ಸ್ವಂತ ಕೃತಿಯೊಂದನ್ನು ಮೆಂಡೆಲ್‌ಸೋನನು ನಡೆಯಿಸಿದ ವಾದ್ಯಮೇಳದೊಡನೆ ನುಡಿಸಿದಳು. ಸಂಗೀತಕಾರ ರಾಬರ್ಟ್ ಶೂಮನ್ನನನ್ನು ವರಿಸಲು ತಂದೆಯು ಒಪ್ಪದಿರಲು, ನ್ಯಾಯಸ್ಥಾನದ ಅನುಮತಿ ಪಡೆದು 1840ರಲ್ಲಿ ವಿವಾಹವಾದಳು. ಪತಿಯು ಕೃತಿರಚನೆಗೆ ಕುಳಿತಾಗ ಸದ್ದಾಗಬಾರದೆಂದು ಈಕೆಯ ಸಾಧನೆಯು ನಿಲ್ಲುತ್ತಿದ್ದಿತು. ಹೆತ್ತ ಮಕ್ಕಳು ಎಂಟು.

ಚಿತ್ತರೋಗಕ್ಕೆ ತುತ್ತಾದ ಪತಿಯು 1856ರಲ್ಲಿ ತೀರಿಕೊಂಡನು. ಉಳಿದ ಏಳು ಮಕ್ಕಳ ಪೋಷಣೆಗಾಗಿ ಕ್ಲಾರಾ ಊರೂರು ತಿರುಗಿ ಕಚೇರಿ ಮಾಡಿದಳು. 1878ರಿಂದ 1892ರ ವರೆಗೆ ಫ್ರಾಂಕ್‌ಫರ್ಟಿನ ಹೋಖ್ ಸಂಗೀತಶಾಲೆಯಲ್ಲಿ ಶಿಷ್ಯರನ್ನು ತಯಾರುಮಾಡಿ, 1896ರಲ್ಲಿ ಕಾಲವಾದಳು.

ಮನೆಯು ನಡೆಯಿತು, ವಾದನವೂ ಉಳಿಯಿತು. ಆದರೆ ವೈಧವ್ಯದ ನಲವತ್ತು ವರ್ಷಗಳಲ್ಲಿ ಈಕೆಯ ಕೃತಿರಚನೆಯು ನಿಂತೇ ಹೋಯಿತೆನ್ನಬೇಕು. ಹುಟ್ಟದೆ ಹೋದ ಕೃತಿಗಳ ಲೆಕ್ಕವನ್ನಿಡುವವರಾರು? ಹಾಡಬಲ್ಲ ಸೊಸೆಗೆ, ನುಡಿಸಬಲ್ಲ ಮಗಳಿಗೆ ದಿನಕ್ಕೊಂದು ಗಳಿಗೆಯ ಬಿಡುವಾದರೂ ದೊರೆಯುತ್ತಿರುವುದೇ ಎಂದು ಗೃಹಸ್ಥರೆಲ್ಲರೂ ಯೋಚಿಸಬೇಕೆಂದು ನಮ್ಮ ಪ್ರಾರ್ಥನೆ.